ಗಾಜಿನ ನಳಿಗೆಯ ಮೀಂಡ್

ಟೆಡೆಸ್ಕಿ ಟ್ರಕ್ಸ್ ಬ್ಯಾಂಡನ್ನು ಇನ್ನೂ ಕೇಳದವರಿಗೆ ನಾನು ಮೊದಲು ಹೇಳುವುದು ‘ಮಿಡ್‌ನೈಟ್ ಇನ್ ಹಾರ್ಲೆಮ್’. ಅದೂ 2012ರ ‘ಎವ್ರಿಬಡೀಸ್ ಟಾಕಿನ್’ ಆಲ್ಬಮ್‌ನಲ್ಲಿರುವ ಲೈವ್ ಹಾಡು. ಹಾಡಿಗೆ ಮುಂಚೆ ಡೆರೆಕ್ ಟ್ರಕ್ಸ್ ಗಿಟಾರಿನಲ್ಲಿ ಆಲಾಪದಂಥದ್ದೊಂದನ್ನು ನುಡಿಸುತ್ತಾರೆ. ಅದಕ್ಕೆ ಅವರಿಟ್ಟ ಹೆಸರೇ ‘ಸ್ವಾಂಪ್ ರಾಗ’.

ಎಡಗೈಯ ಉಂಗುರಬೆರಳಿಗೆ ಗಾಜಿನ ನಳಿಗೆ, ಬಲಗೈಯಲ್ಲಿ ಪಿಕ್ ಇಲ್ಲದ ಬರಿ ಬೆರಳು. ನಳಿಗೆ ತಂತಿಯನ್ನು ಫ್ರೆಟ್ಟಿಗೆ ಒತ್ತುವುದಿಲ್ಲ, ಮೇಲೆ ಮೇಲೆ ಸವರಿಕೊಂಡು ಹೋಗುತ್ತದೆ. ಹಾಗಾಗಿ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯೂ ಪೂರ್ತಿ ಕೇಳಿಸುತ್ತದೆ. ಬ್ಲೂಸ್‌ನಲ್ಲಿ ‘ಸ್ಲೈಡ್’ ಎನ್ನುವ ಈ ಶೈಲಿ ಹಳೆಯದೇ. ಆದರೆ ಡೆರೆಕ್ ಅಲಿ ಅಕ್ಬರ್ ಖಾನರ ಸರೋದನ್ನು ಮನಸಾರೆ ಕೇಳಿದವರು. ಸರೋದಿಗೂ ಫ್ರೆಟ್ ಇಲ್ಲ. ನಮ್ಮ ಸರೋದ್ ವಾದಕ ರಾಜೀವ ತಾರಾನಾಥರು ಅದೇ ಖಾನ್ ಸಾಹೇಬರ ಶಿಷ್ಯರು. ಅವರ ಮೀಂಡಿಗೆ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ನುಡಿಸಾಣಿಕೆಗೆ, ಪಳಗಿದ ಕಿವಿಗೆ ಈ ಗಿಟಾರ್ ಬೇಗ ಒಗ್ಗುತ್ತದೆ.

ಆಲಾಪ ಮುಗಿದ ಮೇಲೆ ಬರುವುದು ಡೆರೆಕ್ ಪತ್ನಿ ಸೂಸನ್ ಟೆಡೆಸ್ಕಿಯ ದನಿ. ಮೇಲೆ ಹೋದಷ್ಟೂ ಸ್ವಲ್ಪ ಒರಟಾಗುವ, ಆದರೆ ಎಂದೂ ಕಿರುಚದ ದನಿ. ಆಕೆ ಸಾಲು ಮುಗಿಸುವವರೆಗೆ ಗಿಟಾರ್ ಕಾಯುತ್ತದೆ, ಆಮೇಲೆ ಅದೇ ಮಾತನ್ನು ಮುಂದುವರಿಸುತ್ತದೆ. ಈ ತಂಡದ ಜೀವಾಳ ಆ ಕಾಯುವಿಕೆಯಲ್ಲಿದೆ ಎಂದು ನನ್ನ ನಂಬಿಕೆ. ವೇದಿಕೆಯ ಮೇಲೆ ಹನ್ನೆರಡು ಜನ: ಇಬ್ಬರು ಡ್ರಮ್ಮರ್‌ಗಳು, ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸೊಫೋನ್, ಹಿಂಬದಿಯ ಗಾಯಕರು. ಆದರೂ ಯಾರೂ ಯಾರನ್ನೂ ಮುಚ್ಚುವುದಿಲ್ಲ.

2010ರಲ್ಲಿ ಡೆರೆಕ್, ಸೂಸನ್ ಇಬ್ಬರೂ ತಂತಮ್ಮ ತಂಡಗಳನ್ನು ಬಿಟ್ಟು ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿ ಒಂದಾದರು. ಮರುವರ್ಷದ ‘ರೆವೆಲೇಟರ್’ ಆಲ್ಬಮ್‌ಗೆ ಗ್ರ್ಯಾಮಿ ಬಂತು. 2019ರ ಫೆಬ್ರುವರಿ 15ರಂದು, ‘ಸೈನ್ಸ್’ ಆಲ್ಬಮ್ ಬಿಡುಗಡೆಯಾದ ದಿನವೇ, ತಂಡದಲ್ಲಿ ಕೀಬೋರ್ಡ್ ಮತ್ತು ಕೊಳಲು ನುಡಿಸುತ್ತಿದ್ದ ಕೋಫಿ ಬರ್ಬ್ರಿಜ್ ತೀರಿಕೊಂಡರು. ಆ ಕೊಳಲಿಗೆ ಬದಲಿ ಇಲ್ಲ.

ಡೆರೆಕ್‌ಗೆ ಆ ಹೆಸರಿಟ್ಟದ್ದು ‘ಡೆರೆಕ್ ಆ್ಯಂಡ್ ದಿ ಡಾಮಿನೋಸ್’ ತಂಡದ ಹೆಸರಿನಿಂದ. ಆ ತಂಡದ ‘ಲೈಲಾ’ ಆಲ್ಬಮ್ ಹೊರಬಂದ 1970ರ ನವೆಂಬರ್ 9ರಂದೇ ಸೂಸನ್ ಹುಟ್ಟಿದ್ದು. ಲಾಕ್‌ಡೌನ್ ಕಾಲದಲ್ಲಿ ಟೆಡೆಸ್ಕಿ ಟ್ರಕ್ಸ್ ತಂಡದವರು ‘ಲೈಲಾ’ ಎಂಬ ಹೆಸರಿನ ಮೂಲಕ್ಕೇ ಹೋಗಿ, ಪರ್ಷಿಯನ್ ಕವಿ ನಿಜಾಮಿಯ ಲೈಲಾ–ಮಜ್ನೂ ಕಾವ್ಯವನ್ನು ಓದಿದರು. ಮಜ್ನೂವಿನ ಹುಚ್ಚುಪ್ರೇಮ ಎಲ್ಲರಿಗೂ ಗೊತ್ತು, ಲೈಲಾಗೆ ಏನನ್ನಿಸಿತ್ತು? ಅಲ್ಲಿಂದ ಹುಟ್ಟಿದ್ದು 2022ರ ‘ಐ ಆ್ಯಮ್ ದಿ ಮೂನ್’: ನಾಲ್ಕು ಆಲ್ಬಮ್, 24 ಹಾಡು. ಎಲ್ಲವನ್ನೂ ಒಟ್ಟಿಗೆ ಕೇಳಬೇಡಿ. ಮೊದಲ ಭಾಗ ‘ಕ್ರೆಸೆಂಟ್’ನ ಕೊನೆಗೆ ಬರುವ, ಮಾತೇ ಇಲ್ಲದ ಹನ್ನೆರಡು ನಿಮಿಷದ ‘ಪಸಾಕ್ವಾನ್’ನಿಂದ ಶುರು ಮಾಡಿ, ಒಳ್ಳೆಯ ಸ್ಪೀಕರಿನಲ್ಲಿ.