ಬಣ್ಣ ಬಾರದಿದ್ದರೆ ‘ಇಲ್ಲ’ ಎನ್ನಬಹುದೆ?

2006ರಲ್ಲಿ ಎನ್‌ಸಿಇಆರ್‌ಟಿ ಪ್ರಕಟಿಸಿದ ಆರನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಆಹಾರದ ಘಟಕಗಳನ್ನು ಕುರಿತ ಅಧ್ಯಾಯವೊಂದಿದೆ. ಪಿಷ್ಟಕ್ಕೆ ಅಯೊಡೀನ್, ಪ್ರೋಟೀನಿಗೆ ತಾಮ್ರದ ಸಲ್ಫೇಟ್ ಮತ್ತು ಕಾಸ್ಟಿಕ್ ಸೋಡ, ಕೊಬ್ಬಿಗೆ ಕಾಗದದ ಮೇಲಿನ ಜಿಡ್ಡಿನ ಕಲೆ – ಈ ಮೂರು ಪರೀಕ್ಷೆಗಳನ್ನು ಅದು ಮಕ್ಕಳಿಂದ ಮಾಡಿಸುತ್ತದೆ. ದುಬಾರಿ ಉಪಕರಣ ಬೇಡದ ಇಂಥ ಚಟುವಟಿಕೆ ಮೆಚ್ಚತಕ್ಕದ್ದೇ. ನೀರಿನಿಂದಲೂ ಕಾಗದದಲ್ಲಿ ಕಲೆಯಾಗಬಹುದು, ಒಣಗಿದ ಮೇಲೆ ನೋಡಿ ಎಂಬ ಎಚ್ಚರಿಕೆಯೂ ಅಲ್ಲಿದೆ. ಉಳಿದೆರಡು ಪರೀಕ್ಷೆಗಳಿಗೆ ಇಂಥ ಎಚ್ಚರ ದೊರೆತಿಲ್ಲ ಎಂಬುದೇ ನಮ್ಮ ಆಕ್ಷೇಪ.

ಪ್ರೋಟೀನಿನ ಪರೀಕ್ಷೆಯನ್ನೇ ನೋಡಿ. ಪೆಪ್ಟೈಡ್ ಬಂಧಗಳ ನೈಟ್ರೊಜನ್‌ನೊಡನೆ ತಾಮ್ರದ ಅಯಾನು ಸೇರಿದಾಗ ನೇರಳೆ ಬಣ್ಣ ಬರುತ್ತದೆ. ಆದರೆ ಆಹಾರವೇ ಇಲ್ಲದ ನೀರಿಗೆ ಈ ಎರಡು ದ್ರಾವಣಗಳನ್ನು ಹಾಕಿದರೂ ತಾಮ್ರದ ಹೈಡ್ರಾಕ್ಸೈಡ್‌ನ ನೀಲಿ ಕಾಣುತ್ತದೆ. ನೀಲಿಗೂ ನೇರಳೆಗೂ ಇರುವ ಅಂತರವನ್ನು ಮೊದಲ ಬಾರಿ ನೋಡುವ ಮಗು ಹೇಗೆ ಗುರುತಿಸೀತು? ಪಕ್ಕದಲ್ಲಿ ಬರಿಯ ನೀರಿನ ಒಂದು ಪ್ರನಾಳ, ಮೊಟ್ಟೆಯ ಬಿಳಿಯ ಇನ್ನೊಂದು ಪ್ರನಾಳ ಇರಲೇಬೇಕು. 100 ಮಿ.ಲೀ. ನೀರಿಗೆ 10 ಗ್ರಾಂ ಕಾಸ್ಟಿಕ್ ಸೋಡ ಸೇರಿಸಿದ ದ್ರಾವಣ ಚರ್ಮವನ್ನೂ ಕಣ್ಣನ್ನೂ ಸುಡಬಲ್ಲದು. ಅದನ್ನು ಶಿಕ್ಷಕರೇ ಹಾಕುವುದು ಲೇಸು.

ಅಯೊಡೀನಿಗೂ ಮಿತಿಗಳಿವೆ. ಪಿಷ್ಟದಲ್ಲಿರುವ ಅಮೈಲೋಸ್‌ನ ಸುರುಳಿಯೊಳಗೆ ಅಯೊಡೀನ್ ಸೇರಿದಾಗ ಕಡುನೀಲಿ ಬಣ್ಣ ಮೂಡುತ್ತದೆ. ಕುದಿಯುವಷ್ಟು ಬಿಸಿಯಾದ ಗಂಜಿಯಲ್ಲಿ ಈ ಬಣ್ಣ ನಿಲ್ಲದು. ಆರಿದ ಮೇಲೆ ಮತ್ತೆ ಕಾಣುತ್ತದೆ. ರಾಗಿ ಹಿಟ್ಟಿನ ಸ್ವಂತ ಬಣ್ಣ ಸಣ್ಣ ಬದಲಾವಣೆಯನ್ನು ಮರೆಮಾಡುತ್ತದೆ. ಸಕ್ಕರೆಯಂತೂ ಅಯೊಡೀನಿಗೆ ಸ್ಪಂದಿಸುವುದೇ ಇಲ್ಲ. ಅಷ್ಟರಿಂದ ಸಕ್ಕರೆಯಲ್ಲಿ ಕಾರ್ಬೊಹೈಡ್ರೇಟ್ ಇಲ್ಲವೆಂದಾಗುವುದಿಲ್ಲ. ಮೇಲಿನ ತರಗತಿಗಳ ಬೆನೆಡಿಕ್ಟ್ ಪರೀಕ್ಷೆಯಲ್ಲೂ ಇದೇ ತೊಡಕು: ಬೆಲ್ಲದಲ್ಲಿರುವ ಗ್ಲುಕೋಸ್, ಫ್ರುಕ್ಟೋಸ್‌ಗಳಿಂದ ಇಟ್ಟಿಗೆಗೆಂಪು ಬರಬಹುದು, ಶುದ್ಧ ಸಕ್ಕರೆಯಿಂದ ಬಾರದು. ಸಕ್ಕರೆಯನ್ನು ಮೊದಲು ಆಮ್ಲದೊಡನೆ ಕಾಯಿಸಿ, ತಟಸ್ಥಗೊಳಿಸಿ ಪರೀಕ್ಷಿಸಿದರೆ ಬರುತ್ತದೆ.

ಹೀಗಿರುವಾಗ ಘಟಕ ಇದೆಯೆ ಎಂದಷ್ಟೇ ಕೇಳುವ ಕೋಷ್ಟಕ ಸಾಲದು. ‘ಇಲ್ಲ’ ಎಂಬುದರ ಬದಲು ‘ಈ ಪರೀಕ್ಷೆಯಲ್ಲಿ ಕಾಣಲಿಲ್ಲ’ ಎಂದು ಬರೆಯಿಸಬೇಕು. ಇದು ಬರಿಯ ಮಾತಿನ ನಯವಲ್ಲ. ಇದೇ ವಿದ್ಯಾರ್ಥಿ ನಾಳೆ ಹಾಲಿಗೆ ಅಯೊಡೀನ್ ಹಾಕಿ ಕಲಬೆರಕೆ ಹುಡುಕುತ್ತಾನೆ. ನೀಲಿ ಬಾರದಿದ್ದರೆ ಪಿಷ್ಟ ಕಂಡಿಲ್ಲವೆಂದಷ್ಟೇ ಅರ್ಥ. ನೀರು, ಯೂರಿಯಾ ಬೆರೆತಿದ್ದರೆ ಅಯೊಡೀನ್ ಅದನ್ನು ತಿಳಿಸದು. ಆ ಹಾಲನ್ನು ಶುದ್ಧವೆಂದು ಸಾರುವ ತಪ್ಪಿನ ಬೀಜ ಆರನೆಯ ತರಗತಿಯಲ್ಲೇ ಬೀಳಬಾರದು.