ಕಲಾಕ್ಷೇತ್ರದ ಹಿಂಬದಿಯ ಬಯಲು

ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯಾದ 1961ರ ಸುಮಾರಿನಲ್ಲಿ ನಾಡಿನ ರಾಜಧಾನಿಗಳಲ್ಲೆಲ್ಲ ಅವರ ಹೆಸರಿನ ರಂಗಮಂದಿರಗಳು ಏಳತೊಡಗಿದಾಗ, ಬೆಂಗಳೂರಿನ ಪಾಲಿಗೆ ದೊರೆತುದು ಜಯಚಾಮರಾಜೇಂದ್ರ ರಸ್ತೆಯ ರವೀಂದ್ರ ಕಲಾಕ್ಷೇತ್ರ. 1963ರಲ್ಲಿ ಬಾಗಿಲು ತೆರೆದ ಈ ಮಂದಿರದ ವಿಶಾಲವಾದ ಒಳಾಂಗಣದಲ್ಲಿ ಎಷ್ಟೋ ಒಳ್ಳೆಯ ನಾಟಕಗಳು ನಡೆದಿವೆ, ನಡೆಯುತ್ತಲೂ ಇವೆ. ಆದರೆ ಕನ್ನಡ ರಂಗಭೂಮಿಯ ದಿಕ್ಕನ್ನು ಬದಲಿಸಿದ ಪ್ರಯೋಗಗಳು ನಡೆದುದು ಅದರ ಬೆನ್ನ ಹಿಂದಿನ ಬಯಲಿನಲ್ಲಿ.

ಬಾಲ್ಯದಲ್ಲಿ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿ, ಅನಂತರ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಶಾಸ್ತ್ರೋಕ್ತ ಶಿಕ್ಷಣ ಪಡೆದ ಬಿ. ವಿ. ಕಾರಂತರು 1972ರಲ್ಲಿ ಮೂರು ನಾಟಕಗಳನ್ನು ಆ ಬಯಲಿಗೆ ತಂದರು: ಲಂಕೇಶರು ಕನ್ನಡಿಸಿದ ಸೊಫೊಕ್ಲಿಸನ ‘ಈಡಿಪಸ್’, ಲಂಕೇಶರದೇ ಆದ ‘ಸಂಕ್ರಾಂತಿ’, ಕಂಬಾರರ ‘ಜೋಕುಮಾರಸ್ವಾಮಿ’. ಈ ಮೂರರಲ್ಲಿ ಬಯಲಿಗೆಂದೇ ಹುಟ್ಟಿದುದು ಕಡೆಯದು. ಷಂಡನಾದ ಗೌಡನಿಗೆ ಉಣಬಡಿಸಲೆಂದು ಗೌಡ್ತಿ ಹರಕೆ ಹೊತ್ತು ಮಾಡಿದ ಪಡವಲಕಾಯಿಯ ಅಡುಗೆ, ಆ ನೆಲವನ್ನು ಉತ್ತು ಬಿತ್ತುವ ಬಸಣ್ಣನ ಬಾಯಿಗೆ ಬೀಳುತ್ತದೆ. ಹೆಣ್ಣೂ ಹೊಲವೂ ಫಲಿಸುವುದು ಯಾರ ದುಡಿಮೆಯಿಂದ ಎಂಬ ಪ್ರಶ್ನೆಯನ್ನು ಆ ಒಂದು ಊಟವೇ ಎತ್ತಿಬಿಡುತ್ತದೆ. ಹಳ್ಳಿಯ ಆಚರಣೆಯೊಂದನ್ನು ಬಯಲಾಟದ ಮೇಳದೊಡನೆ, ತಲೆಯ ಮೇಲೆ ತೆರೆದ ಆಕಾಶವಿರುವಲ್ಲಿ, ಪಟ್ಟಣಿಗರ ಕಣ್ಣೆದುರು ನಿಲ್ಲಿಸಿದ ಆ ಧೈರ್ಯ ಪರದೆ ಏಳುವ, ಬೀಳುವ ಚೌಕಟ್ಟಿನೊಳಗೆ ಆ ಮಟ್ಟಿಗೆ ಸಫಲವಾಗುತ್ತಿತ್ತೆಂದು ನಾನು ನಂಬಲಾರೆ. ಬಯಲಿನಲ್ಲಿ ನಟನು ಗಾಳಿಯೊಡನೆಯೂ ರಸ್ತೆಯ ಗದ್ದಲದೊಡನೆಯೂ ಸೆಣಸಿ ಮಾತನ್ನು ಕಟ್ಟಕಡೆಯ ಮೆಟ್ಟಿಲಿಗೆ ಮುಟ್ಟಿಸಬೇಕು. ಕಂಠವೂ ದೇಹವೂ ಒಂದಾಗದೆ ಅದು ಸಾಧ್ಯವಿಲ್ಲ.

ಈಗ ಅಲ್ಲಿರುವ ಬಯಲು ರಂಗಮಂದಿರಕ್ಕೆ ಸಂಸರ ಹೆಸರಿದೆ. ಸಾಮಿ ವೆಂಕಟಾದ್ರಿ ಅಯ್ಯರ್ ಎಂಬ ಆ ಮಹಾನಾಟಕಕಾರರು ಮೈಸೂರು ಅರಸರ ಚರಿತ್ರೆಯನ್ನು ಗಂಭೀರವಾದ ಪ್ರೌಢ ಕನ್ನಡದಲ್ಲಿ ರಂಗಕ್ಕೇರಿಸಿದರು. ಊರೂರು ಅಲೆದು, ಭಯದಲ್ಲಿ ಬಾಳಿ, 1939ರಲ್ಲಿ ತಮ್ಮ ಪ್ರಾಣವನ್ನು ತಾವೇ ನೀಗಿಕೊಂಡರು. ಬರೆದುವು ಇಪ್ಪತ್ತಕ್ಕೂ ಮಿಗಿಲೆಂದು ಹೇಳುತ್ತಾರೆ; ‘ವಿಗಡ ವಿಕ್ರಮರಾಯ’, ‘ಸುಗುಣ ಗಂಭೀರ’ ಮೊದಲಾಗಿ ನಮಗೆ ಉಳಿದಿರುವುವು ಆರೇ. ಆ ಮಾತಿನ ತೂಕವನ್ನು ಹೊರಬಲ್ಲ ನಟರನ್ನು ತಯಾರಿಸುವುದು ಸುಲಭವಲ್ಲವೆಂಬುದನ್ನು ಬಲ್ಲೆ. ಆದರೂ ಸಂಸರ ಹೆಸರನ್ನು ಹೊತ್ತ ರಂಗದ ಮೇಲೆ ವರ್ಷಕ್ಕೊಮ್ಮೆಯಾದರೂ ಸಂಸರ ನಾಟಕವೊಂದು ನಡೆಯಲೇಬೇಕು. ನಗರದ ಹವ್ಯಾಸಿ ತಂಡಗಳವರು ಈ ಹೊಣೆಯನ್ನು ಸರದಿಯಂತೆ ಹೊರಲೆಂದು ಕೇಳಿಕೊಳ್ಳುತ್ತೇನೆ.