ರಾಣಿಗೆ ಹೇಳದ ಮಾತು

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆಯ ಪತ್ರಗಳಲ್ಲಿ ನಮ್ಮ ಕರಾವಳಿಯವರು ಎತ್ತಿಕೊಳ್ಳುವುದು ಹೆಚ್ಚಾಗಿ ಒಂದೇ ಪ್ರಸಂಗ: 1623ರಲ್ಲಿ ಆತ ಉಳ್ಳಾಲದ ರಾಣಿಯನ್ನು ಕಂಡದ್ದು. ಕಾಲುವೆ ಕೆಲಸ ನೋಡಲು ಬರಿಗಾಲಲ್ಲಿ ಹೊರಟ ರಾಣಿಯ ಚಿತ್ರ ಸೊಗಸಾಗಿದೆ, ನಿಜ. ಆದರೆ ಹಿಂದಿನ ಪತ್ರಗಳನ್ನು ಬಿಟ್ಟರೆ ಅರ್ಧ ಓದಿದಂತೆ.

ಪ್ರೇಮಭಂಗದಿಂದ ನೊಂದು 1614ರಲ್ಲಿ ಇಟಲಿ ಬಿಟ್ಟವನು ಆತ. 1616ರಲ್ಲಿ ಬಗ್ದಾದಿನಲ್ಲಿ ಮಾನಿ ಎಂಬ ಕ್ರೈಸ್ತ ಯುವತಿಯನ್ನು ಮದುವೆಯಾದ. ಗಂಡ ಹೆಂಡತಿ ಶಾಹ್ ಅಬ್ಬಾಸನ ಪರ್ಶಿಯಾವನ್ನು ವರ್ಷಗಟ್ಟಲೆ ಸುತ್ತಿದರು. ಭಾರತದ ಹಡಗು ಹತ್ತಲೆಂದು ತೀರದತ್ತ ಬಂದಾಗ, 1621ರ ಡಿಸೆಂಬರಿನಲ್ಲಿ, ಮಿನಾಬಿನಲ್ಲಿ ಜ್ವರದಿಂದ ಆಕೆ ತೀರಿಕೊಂಡಳು. ಶವ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು ಜೊತೆಗೊಯ್ದ. ಮಣ್ಣು ಮಾಡಿದ್ದು ರೋಮಿನಲ್ಲಿ, 1627ರಲ್ಲಿ! ಮಯ್ಯಿತ್ತನ್ನು ತಡಮಾಡದೆ ದಫನ್ ಮಾಡುವ ನಮಗೆ ಇದು ಜೀರ್ಣವಾಗುವುದು ಕಷ್ಟ.

ಈಗ ರಾಣಿಯ ಪ್ರಶ್ನೆ ಓದಿ. ಊರು ಬಿಟ್ಟದ್ದು ಪ್ರೇಮದಿಂದಲೋ, ಪ್ರಿಯರ ಸಾವಿನಿಂದಲೋ? ಬರೀ ದೇಶ ನೋಡುವ ಆಸೆಯಿಂದ ಎಂದುಬಿಟ್ಟ. ಹಳೆಯದನ್ನೆಲ್ಲ ಮುಚ್ಚಿಟ್ಟೆನೆಂದು ಗೆಳೆಯನಿಗೆ ಬರೆದ.

ಕೇಳಿದವಳೂ ದಾಂಪತ್ಯ ಮುರಿದವಳೇ. ಆಕೆ ಮೂಡುಬಿದಿರೆಯ ಚೌಟರ ಮನೆತನದವಳು, ಗಂಡ ಬಂಗರಸ. ಬೆಳ್ತಂಗಡಿಯ ಬಂಗವಾಡಿ, ಬಂಟ್ವಾಳದ ನಂದಾವರ ಆ ಬಂಗರದ್ದೇ. ಒಡವೆ ಹಿಂತಿರುಗಿಸಿದ್ದರಿಂದ ಯುದ್ಧದವರೆಗೆ ಅವರ ಜಗಳವನ್ನು ದೆಲ್ಲಾ ವಲ್ಲೆ ಬಿಡಿಸಿ ಹೇಳುತ್ತಾನೆ. ಪರರ ಸಂಸಾರವನ್ನು ಬರೆದವನು ತನ್ನದನ್ನು ನುಂಗಿಕೊಂಡ. ಇದನ್ನು ಕಪಟವೆನ್ನಲು ನಮಗೆ ಮನಸ್ಸಿಲ್ಲ.

ಕನ್ನಡಕ್ಕೆ ತರುವವರು ಉಳ್ಳಾಲದ ಪುಟಗಳನ್ನಷ್ಟೇ ಕತ್ತರಿಸಿ ತಂದರೆ ಆ ಉತ್ತರ ಬರಿಯ ಸೌಜನ್ಯದ ಮಾತಾಗಿ ಕಾಣುತ್ತದೆ. ಮಿನಾಬಿನ ಸಾವಿನ ಪತ್ರವೂ ಜೊತೆಗಿರಲಿ.